ದೋಹಾದ ಎಂಜಿನಿಯರಿಂಗ್ ಕ್ಯಾಂಪಸ್ ಮುಚ್ಚುತ್ತಿದೆ, ಮಗಳನ್ನು ಎಲ್ಲಿಗೆ ಸೇರಿಸಲಿ?

ಪ್ರಶ್ನೆ (ದೋಹಾದಲ್ಲಿರುವ ತಾಯಿ):
ನಮಸ್ಕಾರ ಸರ್. ನಾವು ಮಂಗಳೂರಿನವರು, ಹನ್ನೆರಡು ವರ್ಷದಿಂದ ದೋಹಾದಲ್ಲಿದ್ದೇವೆ. ಮಗಳು ಇಲ್ಲಿನ ಇಂಡಿಯನ್ ಸ್ಕೂಲಲ್ಲಿ ಹನ್ನೆರಡನೇ ಕ್ಲಾಸ್ ಮುಗಿಸಿದಳು. ಚಿಕ್ಕಂದಿನಿಂದ ಇಲ್ಲಿನ ಎಜುಕೇಶನ್ ಸಿಟಿಯಲ್ಲಿರುವ, ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕ್ಯಾಂಪಸ್ ತೋರಿಸಿ "ಅಮ್ಮಾ, ನಾನು ಇಲ್ಲೇ ಓದುವುದು" ಅನ್ನುತ್ತಿದ್ದಳು. ಈಗ ನೋಡಿದರೆ ಅದು 2028ಕ್ಕೆ ಮುಚ್ಚುತ್ತದೆಯಂತೆ. ಗ್ಯಾಸ್ ಇರುವ ದೇಶದಲ್ಲಿ ಗ್ಯಾಸ್ ಎಂಜಿನಿಯರ್‌ಗಳನ್ನು ತಯಾರು ಮಾಡುವ ಕಾಲೇಜೇ ಯಾಕೆ ಮುಚ್ಚಬೇಕು? ಈಗ ನಾವೇನು ಮಾಡಬೇಕು?

ಉತ್ತರ (ಪ್ರೊಸೆಸ್ ಸೇಫ್ಟಿ ಎಂಜಿನಿಯರ್, ಅಂದರೆ ಘಟಕದಲ್ಲಿ ಸೋರಿಕೆ, ಸ್ಫೋಟ ಆಗದಂತೆ ನೋಡಿಕೊಳ್ಳುವವರು; ಕತಾರ್‌ನ ಗ್ಯಾಸ್ ಘಟಕಗಳಿರುವ ರಾಸ್ ಲಫಾನ್‌ನಲ್ಲಿ 17 ವರ್ಷ):
ನಮಸ್ಕಾರ ಅಕ್ಕ. ಮೊದಲು ನಿಮ್ಮ ಮಗಳಿಗೆ ಹೇಳಿ, ಅವಳ ಆಸೆಯಲ್ಲಿ ತಪ್ಪೇನೂ ಇರಲಿಲ್ಲ. ಅದು ನಿಜಕ್ಕೂ ಒಳ್ಳೆಯ ಜಾಗ.

ಆ ಕ್ಯಾಂಪಸ್ ಶುರುವಾದದ್ದು 2003ರಲ್ಲಿ, ಎಜುಕೇಶನ್ ಸಿಟಿ ನಡೆಸುವ ಕತಾರ್ ಫೌಂಡೇಶನ್ ಜೊತೆಗಿನ ಒಪ್ಪಂದದಿಂದ. ಕೆಮಿಕಲ್, ಎಲೆಕ್ಟ್ರಿಕಲ್, ಮೆಕ್ಯಾನಿಕಲ್, ಪೆಟ್ರೋಲಿಯಂ, ಹೀಗೆ ನಾಲ್ಕು ವಿಭಾಗ. ಆಗ ಕತಾರ್‌ಗೆ ಅದು ತುಂಬಾ ಬೇಕಿತ್ತು. ಕತಾರ್‌ನ ಸಮುದ್ರದಡಿಯ ನಾರ್ತ್ ಫೀಲ್ಡ್‌ನಲ್ಲಿ ಗ್ಯಾಸ್ ಸಿಕ್ಕಿದ್ದು 1971ರಲ್ಲಿ, ಮೊದಲ ಎಲ್‌ಎನ್‌ಜಿ (ತಣ್ಣಗೆ ಮಾಡಿ ದ್ರವವಾಗಿಸಿದ ಗ್ಯಾಸ್) ಹಡಗು ಜಪಾನಿಗೆ ಹೊರಟದ್ದು 1996ರ ಕೊನೆಗೆ. ಆಮೇಲೆ ಘಟಕದ ಮೇಲೆ ಘಟಕ ಎದ್ದವು. ನಡೆಸುವವರಲ್ಲಿ ಹೆಚ್ಚಿನವರು ಹೊರಗಿನವರು. ನಮ್ಮ ಹುಡುಗರೇ ನಡೆಸಬೇಕು ಅಂತ ಆ ದೇಶಕ್ಕೆ ಅನ್ನಿಸಿದ್ದು ಸಹಜ ಅಲ್ವಾ?

ಮುಚ್ಚುವ ತೀರ್ಮಾನ ಆದದ್ದು 2024ರ ಫೆಬ್ರವರಿ 8ರಂದು. ಟೆಕ್ಸಾಸ್‌ನ ಆಡಳಿತ ಮಂಡಳಿಯಲ್ಲಿ 7 ಮತ ಪರ, 1 ವಿರುದ್ಧ. ಮಧ್ಯಪ್ರಾಚ್ಯದಲ್ಲಿ ಅಸ್ಥಿರತೆ ಜಾಸ್ತಿಯಾಗಿದೆ, ನಮ್ಮ ಮುಖ್ಯ ಕೆಲಸ ಟೆಕ್ಸಾಸ್‌ನಲ್ಲೇ ಇದೆ ಅಂತ ಅವರು ಕಾರಣ ಕೊಟ್ಟರು. ಸುಳ್ಳು ಪ್ರಚಾರದ ಪ್ರಭಾವದಿಂದ ಈ ತೀರ್ಮಾನ ಆಗಿದೆ ಅಂತ ಕತಾರ್ ಫೌಂಡೇಶನ್ ಹೇಳಿತು. ಪಾಠ ಚೆನ್ನಾಗಿಲ್ಲ ಅಂತಲೋ ಕೆಲಸ ಸಿಗುವುದಿಲ್ಲ ಅಂತಲೋ ಮುಚ್ಚಿದ್ದಲ್ಲ. ಇದನ್ನು ಮಗಳಿಗೆ ಬಿಡಿಸಿ ಹೇಳಿ.

ಅದಕ್ಕೆ ಎರಡೇ ದಿನ ಮೊದಲು, ಫೆಬ್ರವರಿ 6ರಂದು, ಗೋವಾದಲ್ಲಿ ಎಲ್‌ಎನ್‌ಜಿ ಆಮದು ಮಾಡುವ ನಮ್ಮ ದೇಶದ ಪೆಟ್ರೋನೆಟ್ ಮತ್ತು ಕತಾರ್ ಸರ್ಕಾರದ ಕತಾರ್ ಎನರ್ಜಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ವರ್ಷಕ್ಕೆ 75 ಲಕ್ಷ ಟನ್ ಎಲ್‌ಎನ್‌ಜಿ, 2028ರಿಂದ 2048ರವರೆಗೆ. ಕಾಲೇಜು ಮುಚ್ಚುವ ವರ್ಷವೇ ಹೊಸ ಒಪ್ಪಂದ ಶುರು. ಹಾಗಾಗಿ ಕಾಲೇಜು ಹೋಯಿತು ಅಂದ ಮಾತ್ರಕ್ಕೆ ಈ ಕ್ಷೇತ್ರವೇ ಹೋಯಿತು ಅಂದುಕೊಳ್ಳಬೇಡಿ. ಕತಾರ್ ತನ್ನ ಎಲ್‌ಎನ್‌ಜಿ ಸಾಮರ್ಥ್ಯವನ್ನು ವರ್ಷಕ್ಕೆ 7.7 ಕೋಟಿ ಟನ್‌ನಿಂದ 14.2 ಕೋಟಿ ಟನ್‌ಗೆ ಏರಿಸುವ ಯೋಜನೆ ಹಾಕಿಕೊಂಡಿದೆ.

ಈಗ ನಾಲ್ಕು ವರ್ಷದ ಕೋರ್ಸಿಗೆ ಸೇರಿದರೆ 2028 ದಾಟುತ್ತದೆ. ಆದ್ದರಿಂದ ಆ ಬಾಗಿಲು ಬಿಡಿ. ಬೇರೆ ದಾರಿ ಇದೆ, ಹೇಳುತ್ತೇನೆ.

ಪ್ರಶ್ನೆ (ಅದೇ ಕ್ಯಾಂಪಸ್‌ನ ವಿದ್ಯಾರ್ಥಿ):
ಅಣ್ಣಾ, ನಾನು ಅಲ್ಲೇ ಕೊನೆಯ ವರ್ಷದಲ್ಲಿದ್ದೇನೆ. ಮುಚ್ಚಿದ ಕಾಲೇಜಿನ ಡಿಗ್ರಿ ಅಂತ ಮುಂದೆ ಯಾರಾದರೂ ಮೂಗು ಮುರಿದರೆ?

ಉತ್ತರ:
ಚಿಂತೆ ಬೇಡ ತಮ್ಮಾ. ನಿನ್ನ ಡಿಗ್ರಿ ಕೊಡುವುದು ದೋಹಾದ ಕಟ್ಟಡ ಅಲ್ಲ, 1876ರಲ್ಲಿ ಶುರುವಾದ ಮೂಲ ವಿಶ್ವವಿದ್ಯಾಲಯ. ಅದು ಎಲ್ಲಿಗೂ ಹೋಗುವುದಿಲ್ಲ. ಇಂಟರ್‌ವ್ಯೂನಲ್ಲಿ ನಾವು ನೋಡುವುದು ಬೇರೆ.

ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಆಗಸ್ಟ್‌ನಲ್ಲಿ ಒಬ್ಬಳು ಇಂಟರ್ನ್ ಹುಡುಗಿ ನನ್ನ ಜೊತೆ ಸೈಟಿಗೆ ಬಂದಳು. ಬಿಸಿಲಿಗೆ ಹೆಲ್ಮೆಟ್ ಒಳಗಿಂದ ಬೆವರು ಕಣ್ಣಿಗೆ ಇಳಿಯುತ್ತಿತ್ತು. ಎದುರಿಗೇ ಎಲ್‌ಎನ್‌ಜಿ ಲೈನಿನ ಒಂದು ವಾಲ್ವ್ ಮೇಲೆ ಬೆರಳು ದಪ್ಪ ಬಿಳಿ ಹಿಮ. ಒಳಗಿರುವುದು ಸೊನ್ನೆಗಿಂತ 162 ಡಿಗ್ರಿ ಕೆಳಗಿನ ದ್ರವ. ಎಲ್ಲರೂ ಆ ಹಿಮ ನೋಡಿ ಖುಷಿಪಡುತ್ತಾರೆ. ಇವಳು ಬಗ್ಗಿ ಕೆಳಗಿನ ಸಪೋರ್ಟ್ ನೋಡಿದಳು. "ಸರ್, ಇಲ್ಲಿ ಸೋರಿದರೆ ಕೆಳಗಿನ ಈ ಸ್ಟೀಲ್ ತಡೆಯುತ್ತಾ?" ಅಂತ ಕೇಳಿದಳು. ಮಾಮೂಲಿ ಕಾರ್ಬನ್ ಸ್ಟೀಲ್ ಆ ಚಳಿಗೆ ಗಾಜಿನ ಹಾಗೆ ಒಡೆಯುತ್ತದೆ. ಪುಸ್ತಕದಲ್ಲಿ ಓದಿದ್ದನ್ನು ಅವಳು ನಿಂತಲ್ಲೇ ಕಣ್ಣಿಂದ ಹುಡುಕಿದಳು. ಅವತ್ತೇ ನಾನು ಬಾಸ್‌ಗೆ ಹೇಳಿದೆ, ಈ ಹುಡುಗಿಯನ್ನು ಬಿಡಬೇಡಿ ಅಂತ.

ಕ್ಲಾಸ್‌ರೂಮಿನಿಂದ 80 ಕಿಲೋಮೀಟರ್ ದೂರದಲ್ಲೇ ಪ್ಲಾಂಟ್ ಇರುವುದು ಆ ಕ್ಯಾಂಪಸ್‌ನ ದೊಡ್ಡ ಬಲ. ನಿನಗಿನ್ನೂ ಸಮಯ ಇದೆ, ಎಷ್ಟು ಸಾಧ್ಯವೋ ಅಷ್ಟು ಸಲ ಸೈಟಿಗೆ ಹೋಗು.

ಇನ್ನೊಂದು ಮಾತು. ನಿಮ್ಮ ವಿಶ್ವವಿದ್ಯಾಲಯದಲ್ಲಿ ಮೇರಿ ಕೇ ಓ'ಕಾನರ್ ಹೆಸರಿನ ಪ್ರೊಸೆಸ್ ಸೇಫ್ಟಿ ಕೇಂದ್ರ ಇದೆ, ಅದರ ಶಾಖೆ ದೋಹಾದಲ್ಲೂ ಇತ್ತು. ಆಕೆ ಕೆಮಿಕಲ್ ಎಂಜಿನಿಯರ್. 1989ರ ಅಕ್ಟೋಬರ್ 23ರಂದು ಟೆಕ್ಸಾಸ್‌ನ ಪಸಾಡಿನಾದಲ್ಲಿ ಪ್ಲಾಸ್ಟಿಕ್ ಘಟಕ ಸ್ಫೋಟಗೊಂಡು 23 ಜನ ಸತ್ತರು, ಅವರಲ್ಲಿ ಒಬ್ಬರು ಆಕೆ. ರಿಪೇರಿ ವೇಳೆ ಒಂದು ವಾಲ್ವ್‌ನ ಗಾಳಿಯ ಹೋಸ್‌ಗಳು ಅದಲುಬದಲಾಗಿದ್ದವು. ತೆರೆಯುವ ಹೋಸ್, ಮುಚ್ಚುವ ಹೋಸ್ ನೋಡಲು ಒಂದೇ ಥರ ಇದ್ದವು. ಹಾಗಾಗಿ ಮುಚ್ಚಿರಬೇಕಾದ ವಾಲ್ವ್ ತೆರೆದುಕೊಂಡು ಗ್ಯಾಸ್ ಹೊರಗೆ ಬಂತು. ನಾನು ಹೊಸಬರಿಗೆಲ್ಲ ಮೊದಲು ಹೇಳಿಕೊಡುವುದು ಈ ಕಥೆ.

ಪ್ರಶ್ನೆ (ಮೊದಲ ತಾಯಿ):
ಸರ್, ಆ ಹುಡುಗಿಯ ವಿಷಯ ಓದಿ ಮಗಳ ಮುಖ ಅರಳಿತು. ಹಾಗಾದರೆ ಎಲ್ಲಿಗೆ ಸೇರಿಸಲಿ? ಮತ್ತೆ ಹುಡುಗಿಯರಿಗೆ ಪ್ಲಾಂಟ್ ಕೆಲಸ ಕಷ್ಟ ಅಂತಾರಲ್ಲ?

ಉತ್ತರ:
ಕಷ್ಟ ಇದೆ ಅಕ್ಕ, ಇಲ್ಲ ಅನ್ನುವುದಿಲ್ಲ. ಶಟ್‌ಡೌನ್, ಅಂದರೆ ರಿಪೇರಿಗೆ ಪ್ಲಾಂಟ್ ನಿಲ್ಲಿಸುವ ಸಮಯ, ಬಂದರೆ ಹಗಲು ರಾತ್ರಿ ಒಂದೇ. ಆದರೆ ಆ ಕಷ್ಟ ಹುಡುಗರಿಗೂ ಇದೆ. ನಮ್ಮ ವಿಭಾಗದಲ್ಲಿ ಅತ್ಯಂತ ಹುಷಾರಾಗಿ ಡ್ರಾಯಿಂಗ್ ಓದುವವರು ಇಬ್ಬರು ಕತಾರಿ ಹೆಣ್ಣುಮಕ್ಕಳು. ಇಬ್ಬರೂ ಅದೇ ಕ್ಯಾಂಪಸ್‌ನಿಂದ ಬಂದವರು.

ದೋಹಾದಲ್ಲೇ ಇರಬೇಕು ಅಂದರೆ ಕತಾರ್ ಯೂನಿವರ್ಸಿಟಿಯ ಕೆಮಿಕಲ್ ಎಂಜಿನಿಯರಿಂಗ್ ವಿಚಾರಿಸಿ. ಊರಿನ ಕಡೆ ಅಂದರೆ ನನ್ನ ಮೊದಲ ಆಯ್ಕೆ ಸುರತ್ಕಲ್‌ನ ಎನ್‌ಐಟಿಕೆ. ಅಜ್ಜಿ ಮನೆಯೂ ಹತ್ತಿರ. ಜೆಇಇ ಮೇನ್ ಬರೆದಿದ್ದಾಳೆ ಅಲ್ವಾ? ಎನ್‌ಐಟಿಗಳಲ್ಲಿ ವಿದೇಶದಲ್ಲಿ ಓದಿದವರಿಗೆ ಡಾಸಾ ಅಂತ ಪ್ರತ್ಯೇಕ ಪ್ರವೇಶ ಇದೆ. ಅದರೊಳಗೆ ಗಲ್ಫ್‌ನಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದರಲ್ಲಿ ಫೀಸ್ ತುಂಬಾ ಕಡಿಮೆ. ಎಷ್ಟೋ ಅಪ್ಪ ಅಮ್ಮಂದಿರು ಇದನ್ನು ತಿಳಿಯದೆ ಸುಮ್ನೆ ಡಾಲರ್ ಲೆಕ್ಕದಲ್ಲಿ ಕಟ್ಟುತ್ತಾರೆ, ನೋಡಿ ನನಗೆ ಹೊಟ್ಟೆ ಉರಿಯುತ್ತದೆ. ಆ ವರ್ಷದ ನಿಯಮ ಓದಿ, ಅಪ್ಪನ ಕೆಲಸದ ದಾಖಲೆ, ವೀಸಾ ಪ್ರತಿ ಈಗಲೇ ತೆಗೆದಿಡಿ.

ಪೆಟ್ರೋಲಿಯಂ ಹೆಸರೇ ಬೇಕು ಅಂತ ಹಟ ಮಾಡಿದರೆ ಧನ್‌ಬಾದ್‌ನ ಐಐಟಿ ಇದೆ, ಉತ್ತರ ಪ್ರದೇಶದ ಜಾಯಸ್‌ನಲ್ಲಿ ರಾಜೀವ್ ಗಾಂಧಿ ಪೆಟ್ರೋಲಿಯಂ ಸಂಸ್ಥೆ ಇದೆ. ಆದರೆ ನನ್ನ ಮಗಳಾಗಿದ್ದರೆ ಕೆಮಿಕಲ್‌ಗೆ ಹಾಕುತ್ತಿದ್ದೆ. ಗ್ಯಾಸ್ ಪ್ಲಾಂಟು, ಗೊಬ್ಬರದ ಕಾರ್ಖಾನೆ, ರಿಫೈನರಿ, ಔಷಧಿ, ಎಲ್ಲ ಕಡೆ ನಡೆಯುತ್ತದೆ.

ಅಬುಧಾಬಿಯಲ್ಲಿ ಐಐಟಿ ದೆಹಲಿಯ ಕ್ಯಾಂಪಸ್ 2024ರಲ್ಲಿ ಶುರುವಾಗಿದೆ, ಅಲ್ಲಿ ಎನರ್ಜಿ ಎಂಜಿನಿಯರಿಂಗ್ ಬಿ.ಟೆಕ್ ಇದೆ. ಹೊರದೇಶದ ಯಾವ ಕ್ಯಾಂಪಸ್‌ಗೆ ಸೇರಿಸುವ ಮೊದಲೂ ಎರಡು ಪ್ರಶ್ನೆ ನೇರವಾಗಿ ಕೇಳಿ. ಡಿಗ್ರಿ ಕಾಗದದ ಮೇಲೆ ಯಾರ ಹೆಸರು ಇರುತ್ತದೆ? ಒಪ್ಪಂದ ನಡುವೆ ಮುರಿದರೆ ಓದುತ್ತಿರುವ ಮಕ್ಕಳನ್ನು ಮುಗಿಸಿ ಕಳಿಸುವ ಹೊಣೆ ಯಾರದು? ಉತ್ತರ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಪ್ರಶ್ನೆ (ಮೊದಲ ತಾಯಿ):
ಜೆಇಇ ಬರೆದಿದ್ದಾಳೆ ಸರ್. ಆ ಗಲ್ಫ್ ಕೋಟಾ ನಮಗೆ ಗೊತ್ತೇ ಇರಲಿಲ್ಲ. ರಜೆಯಲ್ಲಿ ಅವಳು ಏನಾದರೂ ಓದಿಕೊಳ್ಳಲಾ?

ಉತ್ತರ:
ಪಿ ಅಂಡ್ ಐಡಿ ಅಂತ ಪೈಪ್, ವಾಲ್ವ್, ಮೀಟರ್‌ಗಳ ನಕ್ಷೆ ಇರುತ್ತದೆ. ಒಂದು ಮಾದರಿ ಕಳಿಸುತ್ತೇನೆ. ಪೆನ್ಸಿಲ್ ಹಿಡಿದು ಒಂದೊಂದೇ ಲೈನ್ ಹಿಂಬಾಲಿಸಲಿ, ಎಲ್ಲಿ ತಡೆಯಾದರೆ ಒತ್ತಡ ಎಲ್ಲಿ ಏರುತ್ತದೆ ಅಂತ ಗುರುತು ಹಾಕಲಿ. ಶುಕ್ರವಾರ ನನಗೆ ರಜೆ, ಸಂಜೆ ಫೋನ್ ಮಾಡಲಿ. ಕೂತು ನೋಡೋಣ.