ಪದ ಬೇಕು: ಪಿಕಾಸಿಯೋ, ಗುದ್ದಲಿಯೋ?

ಸಾಗರದಿಂದ:
ಸ್ವಲ್ಪ ತುರ್ತು. ಮಕ್ಕಳ ಬೇಸಿಗೆ ಶಿಬಿರಕ್ಕೆ ಮೈನ್‌ಕ್ರಾಫ್ಟ್ ಅನ್ನುವ ಕಂಪ್ಯೂಟರ್ ಆಟದ ಗೋಡೆಪಟ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಶಿವಮೊಗ್ಗದ ಪ್ರೆಸ್ಸಿಗೆ ಕೊಡಬೇಕು. ಯಾವ ಸಲಕರಣೆಯಿಂದ ಅಗೆದರೆ ಯಾವ ಅದಿರು ಸಿಗುತ್ತದೆ, ಬಾಳಿಕೆ ಎಷ್ಟು ಅನ್ನುವ ಪಟ್ಟಿ. ಮರದ್ದು 59 ಸಲ, ಕಲ್ಲಿನದು 131, ಕಬ್ಬಿಣದ್ದು 250, ವಜ್ರದ್ದು 1561. ಚಿನ್ನದ್ದು ಎಲ್ಲಕ್ಕಿಂತ ಬೇಗ ಅಗೆಯುತ್ತದೆ, ಆದರೆ 32 ಸಲಕ್ಕೇ ಮುರಿಯುತ್ತದೆ. ಅದರಲ್ಲಿ ಕಬ್ಬಿಣದ ಅದಿರೂ ಸಿಗುವುದಿಲ್ಲ.

ಈ ಅಗೆಯುವ ಸಲಕರಣೆಗೆ ಏನನ್ನಲಿ? ಇನ್ನೊಂದು ತೊಡಕು. 2021ರಿಂದ ಆಟದಲ್ಲಿ ಬಂಡೆಯಲ್ಲಿರುವುದು ಬೇರೆ, ಅಗೆದಾಗ ಕೈಗೆ ಬರುವುದು ಬೇರೆ, ಕುಲುಮೆಯಿಂದ ಹೊರಬರುವುದು ಬೇರೆ. ಮೂರಕ್ಕೂ ಹೆಸರು ಬೇಕು.

ತೀರ್ಥಹಳ್ಳಿಯಿಂದ:
ಗುದ್ದಲಿ. ಗುದ್ದುವುದರಿಂದ ಗುದ್ದಲಿ, ಅಚ್ಚಗನ್ನಡ. ಪಿಕಾಸಿ ಹೊರಗಿನ ಮಾಲು, ಬೇಡ. ಕೈಗೆ ಬರುವುದು ಬೀಡು ಕಬ್ಬಿಣ. ಇದರಲ್ಲಿ ಚರ್ಚೆ ಮಾಡುವಂಥದ್ದು ಏನಿದೆ?

ಭದ್ರಾವತಿಯಿಂದ:
ಬೀಡು ಖಂಡಿತ ಅಲ್ಲ. ಬೀಡು ಅಂದರೆ ಕರಗಿ ಬಂದದ್ದು. 1923ರಲ್ಲಿ ನಮ್ಮೂರ ಕಬ್ಬಿಣದ ಕಾರ್ಖಾನೆ ಕೆಲಸ ಶುರು ಮಾಡಿದಾಗ ಕೆಮ್ಮಣ್ಣುಗುಂಡಿಯ ಅದಿರನ್ನು ಇದ್ದಿಲಿನ ಉರಿಯಲ್ಲಿ ಕರಗಿಸಿ ತೆಗೆದರಲ್ಲ, ಅದು ಬೀಡು. ಕುಲುಮೆಯನ್ನೇ ಕಾಣದ ವಸ್ತುವಿಗೆ ಆ ಹೆಸರಿಟ್ಟರೆ ಮಕ್ಕಳಿಗೆ ತಪ್ಪು ಕಲಿಸಿದ ಹಾಗೆ. ಬಂಡೆಯಲ್ಲಿರುವುದು ಅದಿರುಗಲ್ಲು, ಕೈಗೆ ಬಂದದ್ದು ಅದಿರು, ಕರಗಿಸಿ ಅಚ್ಚು ಹೊಯ್ದದ್ದು ಗಟ್ಟಿ. ಚಿನ್ನದ ಗಟ್ಟಿ ಅಂತೀವಲ್ಲ, ಅದೇ.

ಗುದ್ದಲಿಯೂ ಆಗದು. ಆ ಆಟದಲ್ಲಿ ಹೊಲ ಹದ ಮಾಡುವ ಸಲಕರಣೆ ಬೇರೆಯೇ ಇದೆ. ಗುದ್ದಲಿ ಅದಕ್ಕೆ ಸಲ್ಲಬೇಕು. ಅಡಿಕೆ ಬುಡ ಬಿಡಿಸಲು ಅಗಲ ಅಲಗಿನ ಗುದ್ದಲಿ ಸಾಕು. ಬಾವಿ ತೋಡುವಾಗ ಜಂಬಿಟ್ಟಿಗೆ ಎದುರಾದರೆ ಆಳು ಕೇಳುವುದು ಪಿಕಾಸಿಯನ್ನೇ. ಬಾಗಿದ ಕಬ್ಬಿಣ, ನಡುವೆ ತೂತು, ತೂತಿಗೆ ಮರದ ಕಾವು. ಚಿತ್ರದಲ್ಲಿರುವುದೂ ಅದೇ ಅಲ್ವಾ?

ತೀರ್ಥಹಳ್ಳಿಯಿಂದ:
ಆಳು ಕೇಳುತ್ತಾನೆ ಅಂತ ಎಲ್ಲ ಸಾಲದ ಪದವನ್ನೂ ಒಪ್ಪಬೇಕಾ? ಹೀಗೇ ಬಿಟ್ಟುಕೊಡುತ್ತಾ ಬಂದೆವು. ಕಲ್ಲುಗುದ್ದಲಿ ಅಂತ ಕಟ್ಟಿ. ಮಕ್ಕಳು ಎರಡು ದಿನದಲ್ಲಿ ಕಲಿಯುತ್ತಾರೆ.

ಹೊಸನಗರದಿಂದ:
ಮಾರಾಯ್ರೆ, ಕೀಲಿಕೈ ಇದ್ದೂ ಚಾವಿ ಅಂತೀವಿ. ಅದು ಪೋರ್ಚುಗೀಸರದ್ದು. ನಿಮ್ಮ ಅಚ್ಚಗನ್ನಡದ ಗುದ್ದಲಿಗೆ ಸಂಸ್ಕೃತದಲ್ಲಿ ಕುದ್ದಾಲ ಅಂತ ಜೋಡಿ ಇದೆ. ಯಾರು ಯಾರಿಂದ ತಂದರು ಅಂತ ಈ ರಾತ್ರಿ ತೀರ್ಮಾನ ಆಗುವುದಿಲ್ಲ. ಮನೆಯಲ್ಲಿ ಪಿಕಾಸಿ ನೋಡಿರುವ ಮಕ್ಕಳಿಗೆ ಕಲ್ಲುಗುದ್ದಲಿ ಯಾಕೆ?

ತೀರ್ಥಹಳ್ಳಿಯಿಂದ:
ಕುದ್ದಾಲ ನಮ್ಮಿಂದ ಹೋದದ್ದು. ಬೇರೆ ಮಾತಿಲ್ಲ.

ಸಾಗರದಿಂದ:
ಪಿಕಾಸಿ, ಅದಿರುಗಲ್ಲು, ಅದಿರು, ಗಟ್ಟಿ. ಇಷ್ಟನ್ನು ಹಾಕುತ್ತಿದ್ದೇನೆ. ಹೊಲದ ಸಲಕರಣೆಗೆ ಗುದ್ದಲಿ. ಕಬ್ಬಿಣದ ಪಿಕಾಸಿಗೂ ದಕ್ಕದ ಆ ಕಪ್ಪು ಗಾಜಿನಂಥ ಕಲ್ಲು ಒಂದು ಉಳಿದಿದೆ. ಆಬ್ಸಿಡಿಯನ್ ಅಂತಲೇ ಬಿಡಲೋ, ಗಾಜುಗಲ್ಲು ಅನ್ನಲೋ? ಹತ್ತು ಗಂಟೆಯೊಳಗೆ ಹೇಳಿ.