ಆಟ ಬಿಟ್ಟ ಮಕ್ಕಳಿಗೆ ಇನ್ನೊಂದು ಕ್ಲಾಸ್ ಹುಡುಕುವ ಮುಂಚೆ

ಕಳೆದ ಶನಿವಾರ, ಬೇರೆ ದೇಶಕ್ಕೆ ಬಂದು ನೆಲೆಸಿರುವ ನಮ್ಮ ಕೆಲವು ಮನೆಯವರೆಲ್ಲ ಸೇರಿದ್ದಾಗ ಒಬ್ಬ ತಾಯಿ ಕೇಳಿದ ಮಾತು ನನ್ನ ತಲೆಯಲ್ಲೇ ಉಳಿದುಬಿಟ್ಟಿದೆ. "ಹನ್ನೆರಡು ವರ್ಷದವರೆಗೆ ಕುಣಿದಾಡಿಕೊಂಡಿದ್ದ ಮಗಳು ಈಗ ರೂಮ್ ಬಿಟ್ಟು ಆಚೆ ಬರಲ್ಲ. ಯಾವ ಕ್ಲಾಸಿಗೆ ಹಾಕಿದರೆ ಒಳ್ಳೆಯದು?" ಮೂರ್ನಾಲ್ಕು ಕ್ಲಾಸುಗಳ ಹೆಸರು ಬಂತು, ಮಾತು ಬೇರೆ ಕಡೆ ಹೊರಳಿತು. ನನಗೆ ಹೇಳುವುದಿತ್ತು, ಆದರೆ ಎಲ್ಲರೆದುರು ಹೇಳಲು ಆಗಲಿಲ್ಲ. ಈಗ ಮಗಳನ್ನು ಕೇಳಿ, ಅವಳು ಹೂಂ ಅಂದ ಮೇಲೆ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲೂ ಇದೇ ಆಯಿತು. ಮಗಳು ಆರನೇ ವಯಸ್ಸಿನಿಂದ ಈಜುತ್ತಿದ್ದಳು. ಹದಿಮೂರು ತುಂಬಿದ ಮೇಲೆ ಒಂದು ದಿನ ತಲೆನೋವು, ಇನ್ನೊಂದು ದಿನ ಹೋಮ್‌ವರ್ಕ್. ಕೊನೆಗೆ ಈಜಿನ ಬ್ಯಾಗ್ ಬಾಗಿಲ ಹಿಂದೆಯೇ ಉಳಿಯಿತು. ನಾನು ಬೈದೆ. ಇಷ್ಟು ವರ್ಷ ಕಲಿತಿದ್ದೆಲ್ಲ ನೀರಲ್ಲಿ ಹೋಮ ಆಯ್ತಲ್ಲ ಅಂದೆ. ಅವಳು ತುಟಿ ಬಿಚ್ಚಲಿಲ್ಲ.

ಎರಡು ತಿಂಗಳ ಮೇಲೆ ಕಾರಿನಲ್ಲಿ ಹೋಗುವಾಗ, ಕಿಟಕಿ ಕಡೆ ಮುಖ ಮಾಡಿಕೊಂಡೇ, ತಾನಾಗಿ ಹೇಳಿದಳು. ಪೀರಿಯಡ್ಸ್ ದಿನ ಕೋಚ್‌ಗೆ ಏನು ಹೇಳಬೇಕು ಅಂತ ಗೊತ್ತಾಗುತ್ತಿರಲಿಲ್ಲ. ಚೇಂಜಿಂಗ್ ರೂಮಿನಲ್ಲಿ ಮರೆ ಇಲ್ಲ. ಮೊದಲಿನ ಟೈಮಿಂಗ್ ಬರ್ತಿಲ್ಲ ಅಂತ ಕೋಚ್ ಎಲ್ಲರೆದುರು ಅಂದುಬಿಟ್ಟಿದ್ದರು. ಇದರಲ್ಲಿ ಈಜಿನ ಮೇಲೆ ಬೇಸರ ಅನ್ನುವುದು ಎಲ್ಲಿದೆ ಹೇಳಿ? ಅವಳ ಮೈ ಬದಲಾಗುತ್ತಿತ್ತು, ಆ ಬದಲಾವಣೆಯನ್ನು ಇಟ್ಟುಕೊಳ್ಳಲು ಅಲ್ಲಿ ಜಾಗ ಇರಲಿಲ್ಲ. ಅವಳಮ್ಮ ನಾನು, ಎರಡು ತಿಂಗಳು ಒಂದು ಸಲವೂ "ಯಾಕೆ" ಅಂತ ಮೆತ್ತಗೆ ಕೇಳಿರಲಿಲ್ಲ. ಆ ನೋವು ನನಗೆ ಈಗಲೂ ಇದೆ.

ಬೇರೆ ದೇಶಕ್ಕೆ ಬಂದಿದ್ದಕ್ಕೇ ಮಕ್ಕಳು ಹೀಗಾದರು ಅಂತ ನಮ್ಮಲ್ಲಿ ಸುಮಾರು ಜನ ಕೊರಗುತ್ತಾರೆ. ಹಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 146 ದೇಶಗಳ ಶಾಲಾ ಮಕ್ಕಳ ಮಾಹಿತಿ ಸೇರಿಸಿ 2019ರಲ್ಲಿ ಒಂದು ಲೆಕ್ಕ ಹೊರತಂದರು. 11ರಿಂದ 17 ವರ್ಷದವರಲ್ಲಿ 100ಕ್ಕೆ 81 ಮಕ್ಕಳ ಓಡಾಟ ಸಾಲದು. ಹುಡುಗರಲ್ಲಿ ಸುಮಾರು 78, ಹುಡುಗಿಯರಲ್ಲಿ 85. ನಮ್ಮ ಮನೆಯ ಸಮಸ್ಯೆ ಅಂದುಕೊಂಡಿದ್ದು ಎಲ್ಲ ಕಡೆ ಇದೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಜಾಸ್ತಿ.

ಸಾಕಷ್ಟು ಅಂದರೆ ಎಷ್ಟು? ಅದೇ ಸಂಸ್ಥೆ 2020ರಲ್ಲಿ ಹೇಳಿದ್ದು: 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ, ಉಸಿರು ಜೋರಾಗುವಂಥ ಓಡಾಟ. ವಾರದಲ್ಲಿ ಮೂರು ದಿನವಾದರೂ ಚೆನ್ನಾಗಿ ದಣಿಯಬೇಕು, ಸ್ನಾಯು ಮೂಳೆಗೆ ಕೆಲಸ ಬೀಳಬೇಕು. ವಾರಕ್ಕೆ ಎರಡು ಕ್ಲಾಸ್ ಇದೆಯಲ್ಲ, ಸಾಕು ಅಂತ ನಾನೂ ನಿಶ್ಚಿಂತೆಯಾಗಿದ್ದೆ. ಒಂದು ದಿನ ಮಗನ ಫುಟ್‌ಬಾಲ್ ಪ್ರಾಕ್ಟೀಸ್ ನೋಡುತ್ತಾ ಕೂತಿದ್ದಾಗ ಸುಮ್ನೆ ಗಡಿಯಾರ ಗಮನಿಸಿದೆ. 45 ನಿಮಿಷದಲ್ಲಿ ಅವನು ಓಡಿದ್ದು ಹತ್ತಿರ ಹತ್ತಿರ 18 ನಿಮಿಷ. ಉಳಿದದ್ದೆಲ್ಲ ಸಾಲಿನಲ್ಲಿ ನಿಂತಿದ್ದು, ಮಾತು ಕೇಳಿದ್ದು, ಶೂ ಲೇಸ್ ಕಟ್ಟಿಕೊಂಡಿದ್ದು. ಮಿಕ್ಕ ಐದು ದಿನದ ಗತಿ?

ಮೂಳೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮೂಳೆಯ ಬಲದಲ್ಲಿ ಬಹುಪಾಲು ಇಪ್ಪತ್ತರ ಆಸುಪಾಸಿನೊಳಗೆ ಕೂಡಿಕೊಳ್ಳುತ್ತದೆ. ಹತ್ತರಿಂದ ಹದಿನಾರರ ನಡುವಿನ ವರ್ಷಗಳು ತುಂಬಾ ಮುಖ್ಯ. ನಾವು ಮಕ್ಕಳನ್ನು ಪರೀಕ್ಷೆಗೆ ಕೂರಿಸುವ ವರ್ಷಗಳೂ ಅವೇ. ಮೈಭಾರ ನೆಲಕ್ಕೆ ಬಡಿದಾಗ, ಅಂದರೆ ಓಡಿದಾಗ, ಜಿಗಿದಾಗ, ಮೆಟ್ಟಿಲು ಹತ್ತಿದಾಗ, ಮೂಳೆ ಗಟ್ಟಿಯಾಗುತ್ತದೆ. ಈಜು ಉಸಿರಿಗೂ ಸ್ನಾಯುವಿಗೂ ಬಹಳ ಒಳ್ಳೆಯದು. ಆದರೆ ಭಾರವನ್ನು ನೀರೇ ಹೊರುವುದರಿಂದ ಮೂಳೆಗೆ ಅಷ್ಟು ಕೆಲಸ ಸಿಗಲ್ಲ. ಈಜುವ ಮಗುವಿಗೂ ಒಂದು ಸ್ಕಿಪ್ಪಿಂಗ್ ಹಗ್ಗ ಬೇಕು.

ಇದರ ಇನ್ನೊಂದು ಮಗ್ಗುಲೂ ನಮ್ಮ ಮನೆಯಲ್ಲೇ ಇದೆ. ಮಗನಿಗೆ ಹನ್ನೆರಡಾಗಿದ್ದಾಗ ಮೊಣಕಾಲ ಚಿಪ್ಪಿನ ಕೆಳಗೆ ಗಂಟಿನಂಥ ಉಬ್ಬು ಬಂತು. ಮಂಡಿಯೂರಿದರೆ ಮುಖ ಹಿಂಡುತ್ತಿದ್ದ. ನೆಪ ಅಂದುಕೊಂಡು ನಾವು ಆಡಿಸುತ್ತಲೇ ಇದ್ದೆವು. ಡಾಕ್ಟರ್ ಒತ್ತಿ ನೋಡಿ, ಇದು ಆಸ್‌ಗುಡ್ ಶ್ಲಾಟರ್ ಅಂದರು. ತೊಡೆಯ ಸ್ನಾಯುವಿನ ಎಳೆತ ಬಂದು ಬೀಳುವ ಕಡೆ ಕಾಲಿನ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಒಂದೇ ಸಮ ಓಡಿ ಜಿಗಿದರೆ ಆ ಜಾಗ ನೋಯುತ್ತದೆ. ಮೈ ಬೆಳೆದು ನಿಂತ ಮೇಲೆ ಸಾಮಾನ್ಯವಾಗಿ ನೋವು ಹೋಗುತ್ತದೆ. ಆಟ ಪೂರ್ತಿ ನಿಲ್ಲಿಸಬೇಡಿ, ಕಡಿಮೆ ಮಾಡಿ ಅಂದರು. ಅವನು ವರ್ಷವಿಡೀ ಒಂದೇ ಆಟ ಆಡುತ್ತಿದ್ದ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ ನನಗೆ ಆಮೇಲೆ ತಿಳಿಯಿತು. ಮುಖ್ಯ ಆಟಕ್ಕೆ ವಾರದಲ್ಲಿ ಒಂದೆರಡು ದಿನ ರಜೆ, ಒಂದೊಂದು ತಿಂಗಳಂತೆ ವರ್ಷಕ್ಕೆ ಒಟ್ಟು ಮೂರು ತಿಂಗಳು ಬಿಡುವು. ಒಂದೇ ಆಟಕ್ಕೆ ಅಂಟಿಕೊಳ್ಳುವುದು ಹದಿನೈದು ಹದಿನಾರರ ಮೇಲಾದರೆ ವಾಸಿ.

ಆಟವನ್ನೂ ನಾವು ಇನ್ನೊಂದು ಸಬ್ಜೆಕ್ಟ್ ಮಾಡಿಬಿಟ್ಟಿದ್ದೇವೆ. ಲೆವೆಲ್, ಮೆಡಲ್, ಮುಂದೆ ಕಾಲೇಜು ಅರ್ಜಿಯಲ್ಲಿ ಒಂದು ಸಾಲು. ಸೆಲೆಕ್ಷನ್ ಆಗದ ಮಗು ಅಲ್ಲಿಗೆ ಮೈ ಬಳಸುವುದನ್ನೇ ಬಿಡುತ್ತದೆ. ನನಗೆ ಹೊಟ್ಟೆ ಉರಿಯುವುದು ಇಲ್ಲಿ.

ಆಮೇಲೆ ನಾವೇನು ಮಾಡಿದೆವು ಅಂದರೆ, ಹೊಸ ಕ್ಲಾಸ್ ಸೇರಿಸಲಿಲ್ಲ. ಶಾಲೆಗಿಂತ ಒಂದು ಕಿಲೋಮೀಟರ್ ಹಿಂದೆಯೇ ಇಳಿಸುತ್ತೇನೆ, ಇಬ್ಬರೂ ನಡೆಯುತ್ತಾರೆ. ಊಟದ ಮುಂಚೆ ಇಪ್ಪತ್ತು ನಿಮಿಷ ಎಲ್ಲರೂ ಆಚೆ. ಏನಾಡಬೇಕು ಅನ್ನುವುದನ್ನು ಮಕ್ಕಳೇ ಹೇಳಬೇಕು. ಚಳಿಗಾಲದ ಕತ್ತಲಲ್ಲಿ ಹಾಡು ಹಾಕಿಕೊಂಡು ಮನೆಯೊಳಗೇ ಕುಣಿಯುತ್ತೇವೆ. ಬೆಳಕಿರುವಾಗ ಹೊರಗಿದ್ದರೆ ಕಣ್ಣಿಗೂ ಒಳ್ಳೆಯದು. ಹಗಲು ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ದೂರದ್ದು ಮಸುಕಾಗುವ ತೊಂದರೆ ಶುರುವಾಗುವುದು ಕಡಿಮೆ. ರಾತ್ರಿ ಮೊಬೈಲ್‌ಗಳು ಹಾಲ್‌ನಲ್ಲಿ ಚಾರ್ಜ್ ಆಗುತ್ತವೆ, ನಮ್ಮಿಬ್ಬರದೂ ಸೇರಿ.

ಮಗಳು ಈಗ ಮತ್ತೆ ನೀರಿಗೆ ಇಳಿಯುತ್ತಾಳೆ. ಟೀಮ್ ಇಲ್ಲ, ಟೈಮಿಂಗ್ ಇಲ್ಲ. ಬೇರೆ ಈಜುಕೊಳ, ಉದ್ದ ತೋಳಿನ ಈಜುಡುಗೆ, ಜೊತೆಗೊಬ್ಬ ಗೆಳತಿ. ಅದೂ ಅವಳೇ ಆರಿಸಿಕೊಂಡಿದ್ದು.

ಶನಿವಾರ ಕೇಳಿದ ಆ ತಾಯಿಗೆ: ಎದುರಿಗೆ ಕೂರಿಸಿಕೊಂಡು ಕೇಳಬೇಡಿ. ಕಾರಿನಲ್ಲೋ, ಬಟ್ಟೆ ಮಡಿಸುವಾಗಲೋ ಕೇಳಿ. ಉತ್ತರ ಬಂದರೆ ತಕ್ಷಣ ಪರಿಹಾರ ಹೇಳದೆ ಸ್ವಲ್ಪ ಹೊತ್ತು ಸುಮ್ಮನಿರಿ.

ಎಲ್ಲರಲ್ಲೂ ಒಂದು ಕೇಳಿಕೆ. ನಾವು ಸೇರಿದಾಗ ಮಕ್ಕಳು ಒಂದು ಮೂಲೆಯಲ್ಲಿ ಫೋನ್ ಹಿಡಿದು ಕೂರುತ್ತಾರೆ, ನಾವು ಇನ್ನೊಂದು ಕಡೆ ಅವರ ಬಗ್ಗೆಯೇ ಚಿಂತೆ ಮಾಡುತ್ತೇವೆ. ಮುಂದಿನ ಸಲ ಮೊದಲ ಅರ್ಧ ಗಂಟೆ ಎಲ್ಲರೂ ಪಕ್ಕದ ಮೈದಾನದಲ್ಲಿ ಇರೋಣವೇ? ಅಮ್ಮಂದಿರೂ ಶೂ ಹಾಕಿಕೊಂಡು ಬನ್ನಿ. ಎರಡು ಉದ್ದದ ಹಗ್ಗ ನಾನು ತರುತ್ತೇನೆ. ಚೆಂಡು ಯಾರ ಮನೆಯಲ್ಲಿದೆ?