ಹೆಲ್ಮ್ಸ್ ಡೀಪ್ ಮನಸ್ಸಿನಲ್ಲಿ ಉಳಿಯಿತು, ವಿಂಟರ್‌ಫೆಲ್ ಏಕೆ ಉಳಿಯಲಿಲ್ಲ?

ಸಂಜೆಮಲ್ಲಿಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಸಿನಿಮಾವನ್ನು ಶಾಸ್ತ್ರವಾಗಿ ಅಭ್ಯಾಸ ಮಾಡಿದವಳಲ್ಲ. ವಾರದ ಕೊನೆಯಲ್ಲಿ ಮನೆಯವರೊಡನೆ ಕುಳಿತು ಫ್ಯಾಂಟಸಿ ಮತ್ತು ಆ್ಯಕ್ಷನ್ ಚಿತ್ರಗಳನ್ನು ನೋಡುವ ಸಾಮಾನ್ಯ ಪ್ರೇಕ್ಷಕಿ. ಟೋಲ್ಕಿನ್ ಅವರ ಪುಸ್ತಕಗಳನ್ನಾಗಲಿ, ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿಗಳನ್ನಾಗಲಿ ಓದಿಲ್ಲ. ಇತ್ತೀಚೆಗೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಸರಣಿಯ ಮೂರೂ ಚಿತ್ರಗಳನ್ನು ಮತ್ತೊಮ್ಮೆ ನೋಡಿದೆವು. ಅದು ಮುಗಿದ ಮೇಲೆ ‘ಗೇಮ್ ಆಫ್ ಥ್ರೋನ್ಸ್’ನ ಎಪ್ಪತ್ತಮೂರು ಕಂತುಗಳನ್ನೂ ಮೊದಲಿನಿಂದ ಕೊನೆಯವರೆಗೆ ನೋಡಿದೆವು.

ಬೆನ್ನುಬೆನ್ನಿಗೆ ನೋಡಿದ್ದರಿಂದಲೇ ಈ ಪ್ರಶ್ನೆ ಹುಟ್ಟಿತು. ‘ರಿಂಗ್ಸ್’ ಸರಣಿಯ ಎರಡನೆಯದಾದ, 2002ರ ‘ದಿ ಟೂ ಟವರ್ಸ್’ ಚಿತ್ರದಲ್ಲಿ ಬರುವ ಹೆಲ್ಮ್ಸ್ ಡೀಪ್ ಕೋಟೆಯ ಯುದ್ಧವನ್ನು ನೋಡುವಾಗ, ಕೊನೆ ಏನೆಂದು ಗೊತ್ತಿದ್ದರೂ ನನ್ನ ಗಂಟಲು ಕಟ್ಟಿತು. ಇಂಗ್ಲಿಷ್ ಬಾರದ ನನ್ನ ತಾಯಿಯವರೂ ಕದಲದೆ ಕುಳಿತು ನೋಡಿದರು. ನಾಯಕ ಅರಗಾರ್ನ್ ಬಳಿ ಕತ್ತಿ ಹಿಡಿದು ನಿಂತಿದ್ದ ಆ ಚಿಕ್ಕ ಹುಡುಗ ಏನಾದ ಎಂದು ಯುದ್ಧ ಮುಗಿಯುವವರೆಗೂ ಕೇಳುತ್ತಲೇ ಇದ್ದರು. ಆದರೆ ‘ಗೇಮ್ ಆಫ್ ಥ್ರೋನ್ಸ್’ನ 2019ರ ‘ದಿ ಲಾಂಗ್ ನೈಟ್’ ಎಂಬ ಕಂತಿನಲ್ಲಿ, ವಿಂಟರ್‌ಫೆಲ್ ಕೋಟೆಯ ಮುಂದೆ ಸತ್ತವರ ಸೇನೆಯೇ ಬಂದು ನಿಂತಾಗ, ನನಗೆ ಆಯಾಸವಾಯಿತೇ ಹೊರತು ಭಯವಾಗಲಿಲ್ಲ. ಎರಡೂ ರಾತ್ರಿಯ ಯುದ್ಧಗಳು, ಎರಡರಲ್ಲೂ ಕೋಟೆಯೊಳಗೆ ಮುತ್ತಿಗೆಗೆ ಸಿಕ್ಕಿದ ಸ್ವಲ್ಪ ಜನ, ಎರಡರಲ್ಲೂ ಹೊರಗೆ ಲೆಕ್ಕವಿಲ್ಲದಷ್ಟು ಶತ್ರುಗಳು. ಹಾಗಿದ್ದೂ ಇಷ್ಟು ವ್ಯತ್ಯಾಸವೇಕೆ? ತಿಳಿದವರು ದಯವಿಟ್ಟು ವಿವರಿಸಬೇಕು.

ದೀಪಸ್ತಂಭ

ಒಂದು ಕಾರಣ ಕಥೆಯದಲ್ಲ, ಪರದೆಯದು. ಅದನ್ನು ಮೊದಲು ಬೇರ್ಪಡಿಸಿಕೊಂಡರೆ ಉಳಿದ ಚರ್ಚೆ ಸುಲಭವಾಗುತ್ತದೆ. ಆ ಕಂತು ಪ್ರಸಾರವಾದ ಮರುದಿನವೇ ಏನೂ ಕಾಣಲಿಲ್ಲವೆಂಬ ದೂರು ಜಗತ್ತಿನ ಎಲ್ಲೆಡೆಯಿಂದ ಬಂದಿತ್ತು. ಛಾಯಾಗ್ರಾಹಕ ಫೇಬಿಯನ್ ವ್ಯಾಗ್ನರ್ ಆ ಕತ್ತಲೆ ಉದ್ದೇಶಪೂರ್ವಕವಾದದ್ದೆಂದು ಸಮರ್ಥಿಸಿಕೊಂಡರು. ಅವರ ಮಾತನ್ನು ನಾನು ಒಪ್ಪುತ್ತೇನೆ, ಆದರೆ ಅವರು ಕಂಡ ಚಿತ್ರ ನಮ್ಮ ಮನೆಯ ಟಿವಿಯವರೆಗೆ ಹಾಗೆಯೇ ಬರಲಿಲ್ಲ. ಅಂತರ್ಜಾಲದ ಮೂಲಕ ವಿಡಿಯೊ ಕಳುಹಿಸುವಾಗ ಅದನ್ನು ಕುಗ್ಗಿಸಬೇಕಾಗುತ್ತದೆ. ಕತ್ತಲೆಯ ದೃಶ್ಯದಲ್ಲಿ ಒಂದು ಛಾಯೆಗೂ ಪಕ್ಕದ ಛಾಯೆಗೂ ಇರುವ ಅಂತರ ತೀರ ಅಲ್ಪ. ಕುಗ್ಗಿಸುವ ತಂತ್ರಾಂಶವು ಆ ಅಲ್ಪ ಅಂತರವನ್ನೇ ಮೊದಲು ಕೈಬಿಡುತ್ತದೆ. ಅದರ ಮೇಲೆ ಹೊಗೆ ಮತ್ತು ಹಾರಾಡುವ ಹಿಮ ಸೇರಿದರೆ, ಪ್ರತಿ ಫ್ರೇಮಿನಲ್ಲೂ ಎಲ್ಲವೂ ಬದಲಾಗುತ್ತಿರುವುದರಿಂದ, ಸಿಗುವ ಬಿಟ್‌ರೇಟ್ (ಪ್ರತಿ ಸೆಕೆಂಡಿಗೆ ಕಳುಹಿಸುವ ಮಾಹಿತಿಯ ಪ್ರಮಾಣ) ಸಾಲದೆ ಕಪ್ಪು ಪ್ರದೇಶಗಳು ಚೌಕ ಚೌಕವಾಗಿ ಒಡೆದು ಕಾಣುತ್ತವೆ.

ಹೆಲ್ಮ್ಸ್ ಡೀಪ್ ಕೂಡ ರಾತ್ರಿಯೇ, ಮಳೆಯೂ ಇದೆ. ಆದರೆ ಅಲ್ಲಿ ನೀಲಿ ಬೆಳಕು ಧಾರಾಳವಾಗಿದೆ; ಒದ್ದೆಯಾದ ಕವಚಗಳ ಮೇಲೆ ಆ ಬೆಳಕು ಹೊಳೆಯುವುದರಿಂದ ಪ್ರತಿಯೊಬ್ಬರ ಅಂಚೂ ಸ್ಪಷ್ಟವಾಗಿ ಕಾಣುತ್ತದೆ. ಆ ಬೆಳಕು ಎಲ್ಲಿಂದ ಬರುತ್ತಿದೆ ಎಂದು ಚಿತ್ರ ಹೇಳುವುದಿಲ್ಲ, ನೋಡುವವರಿಗೆ ಆ ಪ್ರಶ್ನೆ ಏಳುವುದೂ ಇಲ್ಲ.

ತಮ್ಮ ಟಿವಿಯಲ್ಲಿ ಚಲನೆಯನ್ನು ನಯಗೊಳಿಸುವ ಆಯ್ಕೆ ಚಾಲ್ತಿಯಲ್ಲಿದ್ದರೆ ಅದನ್ನು ತೆಗೆದುಹಾಕಿ, ‘ಸಿನಿಮಾ’ ಎಂಬ ಚಿತ್ರಸ್ಥಿತಿಯನ್ನು ಆರಿಸಿ, ಕೋಣೆಯ ದೀಪಗಳನ್ನು ಆರಿಸಿ ಒಮ್ಮೆ ನೋಡಿ.

ಕೋಟೆಬಾಗಿಲು

ದೀಪಸ್ತಂಭ ಅವರು ಹೇಳಿದ್ದು ಸರಿ. ಆದರೆ ನಾನು ಆ ಕಂತನ್ನು ಬ್ಲೂರೇ ಡಿಸ್ಕಿನಲ್ಲಿ, ಎಲ್ಲವೂ ಚೆನ್ನಾಗಿ ಕಾಣುವಂತೆ ನೋಡಿದ್ದೇನೆ. ಆಗಲೂ ನನಗೆ ಸಂಜೆಮಲ್ಲಿಗೆ ಅವರಿಗಾದ ಅನುಭವವೇ ಆಯಿತು. ನನ್ನ ಅಭಿಪ್ರಾಯದಲ್ಲಿ ವ್ಯತ್ಯಾಸ ಇರುವುದು ಯುದ್ಧಕ್ಕೆ ಮೊದಲು ನಮಗೆ ಏನನ್ನು ತಿಳಿಸಲಾಗಿತ್ತು ಮತ್ತು ಆ ತಿಳಿಸಿದ ಮಾತಿಗೆ ಯುದ್ಧ ಎಷ್ಟರ ಮಟ್ಟಿಗೆ ನಿಷ್ಠವಾಗಿತ್ತು ಎಂಬುದರಲ್ಲಿ.

ಹೆಲ್ಮ್ಸ್ ಡೀಪ್‌ನಲ್ಲಿ ಮೊದಲ ಬಾಣ ಹಾರುವ ಹೊತ್ತಿಗೆ ನಮಗೆ ಎಷ್ಟೊಂದು ವಿಷಯ ಗೊತ್ತಿರುತ್ತದೆ ನೋಡಿ. ಒಳಗಿರುವವರು ಮುನ್ನೂರು, ಹೊರಗಿರುವವರು ಹತ್ತು ಸಾವಿರ ಎಂದು ಒಳಗಿರುವ ಬಿಲ್ಲುಗಾರ ಲೆಗೊಲಾಸ್ ಬಾಯಿಬಿಟ್ಟು ಹೇಳುತ್ತಾನೆ. ಗೋಡೆ ಎಷ್ಟು ಗಟ್ಟಿಯಾಗಿದ್ದರೂ ಅದರ ಬುಡದಲ್ಲಿ ನೀರು ಹೋಗುವ ಒಂದು ತೂಬು ಇದೆ ಎಂಬುದನ್ನು ಶತ್ರುವಿನ ಪಾಳೆಯದಲ್ಲಿ ಮೊದಲೇ ಹೇಳಿಸಿ, ಅಲ್ಲಿ ತಯಾರಾದ ಸಿಡಿಮದ್ದನ್ನೂ ತೋರಿಸಿರುತ್ತಾರೆ. ಐದನೆಯ ದಿನದ ಬೆಳಕಿನಲ್ಲಿ ಪೂರ್ವದ ಕಡೆ ನೋಡಿ ಎಂದು ಮಾಂತ್ರಿಕ ಗ್ಯಾಂಡಾಲ್ಫ್ ಹೇಳಿ ಹೋಗಿರುತ್ತಾನೆ. ಹೆಂಗಸರೂ ಮಕ್ಕಳೂ ಕೋಟೆಯ ಹಿಂದಿನ ಗುಹೆಗಳಲ್ಲಿದ್ದಾರೆ. ಅಲ್ಲಿಗೆ ಶತ್ರು ತಲುಪಬೇಕಾದರೆ ಯಾವ ಯಾವ ಬಾಗಿಲುಗಳು ಮುರಿಯಬೇಕು ಎಂಬುದೂ ಗೊತ್ತಿದೆ. ಇಷ್ಟೆಲ್ಲ ತಿಳಿದಿರುವುದರಿಂದಲೇ, ಮುದುಕನೊಬ್ಬನ ಹಿಡಿತ ತಪ್ಪಿ ಬಾಣ ಹಾರಿ ಮೊದಲ ಶತ್ರು ಬಿದ್ದಾಗ ಆವರಿಸುವ ಆ ಕ್ಷಣದ ಮೌನ ನಮ್ಮ ಎದೆಗೆ ತಾಗುತ್ತದೆ. ಪಂಜು ಹಿಡಿದವನು ತೂಬಿನ ಕಡೆಗೆ ಓಡುವಾಗ ಏನಾಗಲಿದೆ ಎಂದು ಯಾರೂ ವಿವರಿಸಬೇಕಾಗಿಲ್ಲ; ತಮ್ಮ ತಾಯಿಯವರಿಗೆ ಇಂಗ್ಲಿಷ್ ಬಾರದಿದ್ದರೂ ಎಲ್ಲವೂ ಅರ್ಥವಾದದ್ದು ಇದರಿಂದಲೇ ಎಂದು ನನಗನ್ನಿಸುತ್ತದೆ.

ನಮಗೆ ಈ ರೀತಿ ಹೊಸದೇನಲ್ಲ. ಚಕ್ರವ್ಯೂಹವನ್ನು ಹೊಗುವುದು ಅಭಿಮನ್ಯುವಿಗೆ ಗೊತ್ತು, ಹೊರಬರುವುದು ಗೊತ್ತಿಲ್ಲ ಎಂಬ ಒಂದೇ ಮಾತನ್ನು ಮೊದಲೇ ಕೇಳಿರುವುದರಿಂದ, ಅವನು ಗೆಲ್ಲುತ್ತಾ ಒಳಗೆ ಹೋದಷ್ಟೂ ಕೇಳುಗರ ಸಂಕಟ ಹೆಚ್ಚುತ್ತದೆ. 2015ರ ‘ಬಾಹುಬಲಿ’ಯಲ್ಲಿ ಕಾಲಕೇಯರ ಜೊತೆಗಿನ ಯುದ್ಧಕ್ಕೆ ಮುನ್ನ ತ್ರಿಶೂಲ ವ್ಯೂಹವನ್ನು ವಿವರಿಸಿದ್ದೂ ಇದೇ ಕೆಲಸಕ್ಕಾಗಿ.

‘ದಿ ಲಾಂಗ್ ನೈಟ್’ನಲ್ಲಿಯೂ ಯೋಜನೆಯನ್ನು ಹಿಂದಿನ ಕಂತಿನಲ್ಲೇ ಹೇಳಿದ್ದರು: ದೇವರ ಬನದಲ್ಲಿ ವಿಂಟರ್‌ಫೆಲ್ ಮನೆತನದ ಬ್ರ್ಯಾನ್‌ನನ್ನು ಕೂರಿಸಿ, ಸತ್ತವರ ಸೇನೆಯ ಒಡೆಯ ನೈಟ್ ಕಿಂಗ್‌ನನ್ನು ಅಲ್ಲಿಗೆ ಸೆಳೆಯುವುದು. ಆದರೆ ಯುದ್ಧ ಆರಂಭವಾದ ಮೇಲೆ ನಡೆದದ್ದೇ ಬೇರೆ. ಕಲ್ಲೆಸೆಯುವ ಯಂತ್ರಗಳು ಕೋಟೆಯ ಹೊರಗೆ, ಕಂದಕಕ್ಕಿಂತ ಮುಂದೆ ಇವೆ. ಕೆಲವು ಸಲ ಬೆಂಕಿಯ ಗುಂಡು ಎಸೆದ ಮೇಲೆ ಅವುಗಳ ಸುದ್ದಿಯೇ ಇಲ್ಲ. ಸತ್ತವರನ್ನು ಎಬ್ಬಿಸಬಲ್ಲ ಶತ್ರುವಿನ ಎದುರು ಹೆಂಗಸರು, ಮಕ್ಕಳನ್ನು ಅಡಗಿಸಿಟ್ಟದ್ದು ಸಮಾಧಿಗಳಿರುವ ನೆಲಮಾಳಿಗೆಯಲ್ಲಿ. ಕಥೆಯೊಳಗಿನವರು ತಪ್ಪು ಮಾಡಬಾರದೆಂದು ನಾನು ಹೇಳುತ್ತಿಲ್ಲ. ಆದರೆ ಅದು ತಪ್ಪೆಂದು ಅವರಲ್ಲಿ ಒಬ್ಬರಿಗಾದರೂ ಅನ್ನಿಸಬೇಕಾಗಿತ್ತು.

ಆ ಕಂತಿನಲ್ಲಿ ಸತ್ತವರು ಕಡಿಮೆಯಲ್ಲ. ಥಿಯಾನ್, ಜೋರಾ, ಪುಟ್ಟ ಲಿಯಾನಾ ಮಾರ್ಮಾಂಟ್ ಎಲ್ಲರೂ ಹೋದರು. ಆದರೂ ನಡುವಿನ ಒಂದು ಗಂಟೆ ನಮ್ಮ ಮೆಚ್ಚಿನ ಪಾತ್ರಗಳು ಹೆಣಗಳ ರಾಶಿಯ ಅಡಿಗೆ ಸಿಲುಕುವುದನ್ನೂ, ಮುಂದಿನ ದೃಶ್ಯದಲ್ಲಿ ಎದ್ದು ನಿಂತಿರುವುದನ್ನೂ ಮತ್ತೆ ಮತ್ತೆ ಕಂಡು, ಅಪಾಯವೆಂಬ ಮಾತಿನಲ್ಲಿ ನಂಬಿಕೆ ಹೋಗುತ್ತದೆ.

ಪಯಣಿಗ

ಕೋಟೆಬಾಗಿಲು ಅವರ ಮಾತಿಗೆ ದೂರ ಎಂಬುದನ್ನೂ ಸೇರಿಸುತ್ತೇನೆ. ‘ಗೇಮ್ ಆಫ್ ಥ್ರೋನ್ಸ್’ನ ಮೊದಲ ಕಂತಿನಲ್ಲಿ ರಾಜ ರಾಬರ್ಟ್‌ನ ಪರಿವಾರ ವಿಂಟರ್‌ಫೆಲ್ ತಲುಪಿದಾಗ, ಒಂದು ತಿಂಗಳಿನಿಂದ ಪ್ರಯಾಣದಲ್ಲಿದ್ದೇವೆ ಎಂದು ರಾಣಿ ಹೇಳುತ್ತಾಳೆ. ಆ ಒಂದು ಮಾತಿನಿಂದ ಆ ರಾಜ್ಯದ ವಿಸ್ತಾರ ನಮ್ಮೊಳಗೆ ಅಳತೆಯಾಗಿ ಕೂರುತ್ತದೆ. ಏಳನೆಯ ಸೀಸನ್ನಿಗೆ ಬರುವಷ್ಟರಲ್ಲಿ, ಹಿಮದ ಗೋಡೆಯ ಆಚೆ ಸಿಕ್ಕಿಹಾಕಿಕೊಂಡವರ ಸುದ್ದಿಯನ್ನು ಒಬ್ಬ ಓಡಿ ತಂದು, ಅದನ್ನು ಕಾಗೆ ದೂರದ ಡ್ರ್ಯಾಗನ್‌ಸ್ಟೋನ್ ದ್ವೀಪಕ್ಕೆ ಒಯ್ದು, ಅಲ್ಲಿಂದ ರಾಣಿ ಡೆನೇರಿಸ್ ಡ್ರ್ಯಾಗನ್ ಏರಿ ಹಾರಿ ಬಂದು ಅವರನ್ನು ಉಳಿಸುವುದೆಲ್ಲ ಒಂದೇ ಕಂತಿನಲ್ಲಿ ಮುಗಿದುಹೋಗುತ್ತದೆ. ಮೊದಲ ಆರು ಸೀಸನ್‌ಗಳಲ್ಲಿ ಹತ್ತು ಹತ್ತು ಕಂತುಗಳಿದ್ದವು, ಏಳನೆಯದರಲ್ಲಿ ಏಳು, ಎಂಟನೆಯದರಲ್ಲಿ ಆರು. ಕಡಿತವಾದದ್ದು ಬಹುಮಟ್ಟಿಗೆ ಪ್ರಯಾಣದ ಹೊತ್ತೇ. ‘ರಿಂಗ್ಸ್’ ಚಿತ್ರಗಳಲ್ಲಿ ಹೆಜ್ಜೆಹೆಜ್ಜೆಯಾಗಿ ನಡೆದು ಸೋತ ಫ್ರೋಡೊ ಮತ್ತು ಸ್ಯಾಮ್ ಅವರನ್ನು ನೋಡಿದ ಕೂಡಲೇ ಇದನ್ನು ನೋಡಿದರೆ ಕೊರತೆ ಎದ್ದು ಕಾಣದೆ ಇರದು.

ಆ್ಯಕ್ಷನ್‌ನಲ್ಲಿ ದೂರವನ್ನು ಕಾಪಾಡಿಕೊಂಡ ಚಿತ್ರ ಬೇಕಾದರೆ 2015ರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ನೋಡಿ. ನಮೀಬಿಯಾದ ಮರುಭೂಮಿಯಲ್ಲಿ ಚಿತ್ರೀಕರಿಸಿದ ಆ ಎರಡು ಗಂಟೆಯ ಚಿತ್ರದ ಕಥೆ ಎಂದರೆ ಒಂದು ದಾರಿಯಲ್ಲಿ ಹೋಗುವುದು ಮತ್ತು ಅದೇ ದಾರಿಯಲ್ಲಿ ಮರಳುವುದು. ಮುಖ್ಯವಾದದ್ದು ಪ್ರತಿ ಶಾಟಿನಲ್ಲೂ ಪರದೆಯ ನಡುವೆಯೇ ಇರುವಂತೆ ಜಾರ್ಜ್ ಮಿಲ್ಲರ್ ಚಿತ್ರೀಕರಿಸಿದ್ದಾರೆ. ಹೀಗಾಗಿ ಮಾರ್ಗರೆಟ್ ಸಿಕ್ಸೆಲ್ ಅವರ ಸಂಕಲನ ಎಷ್ಟೇ ವೇಗವಾಗಿದ್ದರೂ ನಮ್ಮ ಕಣ್ಣು ಹುಡುಕಾಡುವುದಿಲ್ಲ. ಅವರಿಗೆ ಆಸ್ಕರ್ ಬಂದದ್ದು ನ್ಯಾಯವಾಗಿಯೇ ಇತ್ತು.

ಹೊಂಗೆಮರ

ನನ್ನದು ಭಿನ್ನಾಭಿಪ್ರಾಯ. ‘ದಿ ಲಾಂಗ್ ನೈಟ್’ನ ಆರಂಭವನ್ನು ಇಲ್ಲಿ ಯಾರೂ ನೆನೆಯದಿರುವುದು ನನಗೆ ಬೇಸರ ತಂದಿದೆ. ಡೆನೇರಿಸ್‌ನ ಪಡೆಯ ಡೋತ್ರಾಕಿ ಕುದುರೆ ಸವಾರರ ಕತ್ತಿಗಳೆಲ್ಲ ಒಮ್ಮೆಲೇ ಹೊತ್ತಿಕೊಂಡು, ಆ ಬೆಂಕಿಯ ಸಾಲು ಕತ್ತಲೆಯೊಳಗೆ ನುಗ್ಗಿ, ದೂರದಲ್ಲಿ ಒಂದೊಂದಾಗಿ ಆರಿಹೋಗುವ ದೃಶ್ಯಕ್ಕಿಂತ ಭಯಂಕರವಾದದ್ದನ್ನು ನಾನು ಟಿವಿಯಲ್ಲಿ ಕಂಡಿಲ್ಲ. ಆ ದಾಳಿ ಯುದ್ಧನೀತಿಗೆ ವಿರುದ್ಧ ಎನ್ನುವವರಿದ್ದಾರೆ. ಇರಬಹುದು, ಆದರೆ ಆ ದೀಪಗಳು ಆರಿದಾಗ ಕೋಟೆಯ ಮುಂದೆ ನಿಂತವರ ಜೊತೆ ನಾನೂ ಉಸಿರು ಬಿಗಿಹಿಡಿದಿದ್ದೆ.

ಕಂತಿನ ಉಳಿದ ಭಾಗದ ಬಗ್ಗೆ ವಾದಿಸಲಾರೆ. ಆದರೆ ಅದನ್ನು ನಿರ್ದೇಶಿಸಿದ ಮಿಗೆಲ್ ಸಪೋಚ್ನಿಕ್ ಅವರೇ 2015ರಲ್ಲಿ ಅದೇ ಸರಣಿಯ ‘ಹಾರ್ಡ್‌ಹೋಮ್’ ಕಂತನ್ನೂ ನಿರ್ದೇಶಿಸಿದ್ದರು. ಅದರಲ್ಲಿ ತನ್ನ ಮಕ್ಕಳನ್ನು ದೋಣಿ ಹತ್ತಿಸಿ, ತಾನು ಹಿಂದಿನಿಂದ ಬರುವೆನೆಂದು ಹೇಳಿ ಉಳಿಯುವ ಒಬ್ಬ ತಾಯಿ ಇದ್ದಾಳೆ. ಸತ್ತವರ ನಡುವಿನಿಂದ ಬೇರೆ ಮಕ್ಕಳು ಎದ್ದು ಬಂದಾಗ ಅವಳ ಕೈ ಮೇಲೇಳುವುದಿಲ್ಲ. ಆಕೆ ಆ ಒಂದು ಕಂತಿನಲ್ಲಿ ಮಾತ್ರ ಬರುವ ಪಾತ್ರ. ಸಂಜೆಮಲ್ಲಿಗೆ ಅವರ ತಾಯಿಯವರು ಕತ್ತಿ ಹಿಡಿದ ಹುಡುಗನನ್ನು ನೆನೆದ ಹಾಗೆ ನಾನು ಇವಳನ್ನು ನೆನೆಯುತ್ತೇನೆ. ವ್ಯೂಹ, ದೂರ, ಬೆಳಕು ಎಲ್ಲವೂ ಸರಿಯಾಗಿದ್ದು ಇಂಥ ಒಬ್ಬರು ಇಲ್ಲದಿದ್ದರೆ ಆ ಯುದ್ಧ ನನಗೆ ಬೇಡ.

ಸಂಜೆಮಲ್ಲಿಗೆ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ದೀಪಸ್ತಂಭ ಅವರು ಹೇಳಿದಂತೆ ಟಿವಿಯನ್ನು ಸರಿಪಡಿಸಿಕೊಂಡು, ದೀಪ ಆರಿಸಿ, ನಿನ್ನೆ ರಾತ್ರಿ ಆ ಕಂತನ್ನು ಮತ್ತೆ ಹಾಕಿದೆವು. ಡೋತ್ರಾಕಿಗಳ ಬೆಂಕಿ ಆರುವ ದೃಶ್ಯ ಈ ಬಾರಿ ಪೂರ್ತಿಯಾಗಿ ಕಂಡಿತು. ಮೊದಲ ಸಲ ನಮಗೆ ಅಲ್ಲಿ ಕಪ್ಪು ಮತ್ತು ಬೂದಿ ಬಣ್ಣದ ಚೌಕಗಳಷ್ಟೇ ಕಂಡಿದ್ದವು. ಹೊಂಗೆಮರ ಅವರ ಮಾತನ್ನು ಅಷ್ಟರ ಮಟ್ಟಿಗೆ ಒಪ್ಪುತ್ತೇನೆ. ಆದರೆ ಅರ್ಧ ಗಂಟೆಯ ನಂತರ ಮೊದಲಿನ ಆಯಾಸವೇ ಮರಳಿತು, ಈ ಬಾರಿ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿದ್ದಾಗಲೇ.

ಆಮೇಲೆ ‘ಹಾರ್ಡ್‌ಹೋಮ್’ ಹಾಕಿದೆ. ಆ ತಾಯಿ ಮಕ್ಕಳನ್ನು ದೋಣಿಗೆ ಹತ್ತಿಸುವಾಗಲೇ ನನ್ನ ತಾಯಿಯವರು, “ಇವಳು ಬರುವುದಿಲ್ಲ ಕಣೇ” ಎಂದು ನನ್ನ ಕೈ ಹಿಡಿದುಕೊಂಡರು. ಶನಿವಾರ ‘ಫ್ಯೂರಿ ರೋಡ್’ ನೋಡುವವರಿದ್ದೇವೆ.